ಮೊಸರಲ್ಲಿ ಸಿಕ್ಕ ಕಲ್ಲು: ಕರ್ಟಿಸ್ ಫ್ಲವರ್ಸ್ ಪ್ರಕರಣದ ಆರು ವಿಚಾರಣೆಗಳು

2010ರ ಜೂನ್ ತಿಂಗಳು. ಅಮೆರಿಕದ ಮಿಸಿಸಿಪಿ ರಾಜ್ಯದ ವಿನೋನಾ ಎಂಬ ಸಣ್ಣ ಊರಿನ ಕೋರ್ಟಿನಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳುವ 12 ಜನ ಸಾಮಾನ್ಯ ನಾಗರಿಕರ ಆಯ್ಕೆ ನಡೆಯುತ್ತಿತ್ತು. ಒಬ್ಬ ಕಪ್ಪು ವರ್ಣೀಯ ಮಹಿಳೆಯ ಸರದಿ ಬಂತು. ಆಕೆ ವಾಲ್‌ಮಾರ್ಟ್ ಅಂಗಡಿಯಲ್ಲಿ ಕೆಲಸ ಮಾಡಿದ್ದವರು. ಆರೋಪಿಯ ತಂದೆಯೂ ಅಲ್ಲೇ ಕೆಲಸ ಮಾಡಿದ್ದರು. ಪ್ರಕರಣಕ್ಕೆ ಒಂದಲ್ಲ ಒಂದು ರೀತಿ ಸಂಬಂಧಪಟ್ಟ 34 ಮಂದಿಯ ಪರಿಚಯ ಆಕೆಗಿತ್ತು. ಸಾಲದ್ದಕ್ಕೆ, ಕೊಲೆ ನಡೆದ ಫರ್ನಿಚರ್ ಅಂಗಡಿಯವರು 13 ವರ್ಷದ ಹಿಂದೆ ಸಾಲ ವಸೂಲಿಗೆ ಆಕೆಯ ಮೇಲೆ ಕೇಸು ಹಾಕಿದ್ದರು. ಸಾಲ ತೀರಿದೆ, ಅದರಿಂದ ನನ್ನ ತೀರ್ಮಾನ ಬದಲಾಗಲ್ಲ ಎಂದು ಆಕೆ ಹೇಳಿದರು. ಸರ್ಕಾರಿ ವಕೀಲರು ಆಕೆಯ ಹೆಸರಿಗೆ ಕಾಟು ಹಾಕಿದರು.

ಅದೇ ಪಟ್ಟಿಯಲ್ಲಿ ಒಬ್ಬ ಬಿಳಿಯ ಮಹಿಳೆಯೂ ಇದ್ದರು. ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರಿನ ಕೆಲಸ. ಆರೋಪಿಯ ಮನೆಯವರಲ್ಲಿ ಹಲವರು ಆ ಬ್ಯಾಂಕಿನ ಗಿರಾಕಿಗಳಾಗಿ ಆಕೆಗೆ ಗೊತ್ತಿದ್ದರು. ಪ್ರಕರಣಕ್ಕೆ ಸಂಬಂಧಪಟ್ಟ 31 ಮಂದಿಯ ಪರಿಚಯ ಇತ್ತು. ಈ ಪರಿಚಯ ಎಂಥದ್ದು, ಎಷ್ಟು ಹತ್ತಿರದ್ದು ಎಂದು ಸರ್ಕಾರಿ ಕಡೆಯವರು ಆಕೆಯನ್ನು ಬೇರೆಯಾಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕಾಟನ್ನೂ ಹಾಕಲಿಲ್ಲ.

34 ಮತ್ತು 31. ಈ ಪ್ರಕರಣದ ಬಗ್ಗೆ ಓದುತ್ತಾ ಓದುತ್ತಾ ನಾನು ಮತ್ತೆ ಮತ್ತೆ ವಾಪಸ್ ಬಂದದ್ದು ಈ ಎರಡು ಅಂಕಿಗಳಿಗೆ. ಜ್ಯೂರಿಯಲ್ಲಿ ಪೂರ್ವಗ್ರಹ ಅಂದ ಕೂಡಲೇ ನಾವು ಬಾಗಿಲು ಹಾಕಿದ ಕೋಣೆಯಲ್ಲಿ ಕೂತ 12 ಜನರ ತಲೆಯೊಳಗೆ ಏನಿದೆ ಎಂದು ಯೋಚಿಸುತ್ತೇವೆ. ಆದರೆ ಆ 12 ಜನ ಯಾರಾಗಬೇಕು ಎಂದು ತೀರ್ಮಾನವಾಗುವ ಹೊತ್ತಿಗೇ ಅರ್ಧ ಕೆಲಸ ಮುಗಿದಿರುತ್ತದೆ. ಫ್ಲವರ್ಸ್ ಪ್ರಕರಣದಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ನಡೆಯಿತು. ಒಂದು ಸಲ ಅಲ್ಲ, ಆರು ಸಲ.

ಊರು, ಅಂಗಡಿ, ಆರೋಪ

ವಿನೋನಾದ ಜನಸಂಖ್ಯೆ ಸುಮಾರು 5,000. ಅದರಲ್ಲಿ ಹತ್ತಿರ ಹತ್ತಿರ ಶೇ 53 ಕಪ್ಪು ವರ್ಣೀಯರು, ಶೇ 46 ಬಿಳಿಯರು. 1996ರ ಜುಲೈ 16ರ ಬೆಳಿಗ್ಗೆ ಇಲ್ಲಿನ ಟಾರ್ಡಿ ಫರ್ನಿಚರ್ ಎಂಬ ಅಂಗಡಿಯಲ್ಲಿ ನಾಲ್ಕು ಜನರನ್ನು ಗುಂಡಿಕ್ಕಿ ಕೊಂದರು. ಅಂಗಡಿಯ ಮಾಲಕಿ, ಮತ್ತು ಅಲ್ಲಿ ಕೆಲಸಕ್ಕಿದ್ದ ಮೂವರು. ಸತ್ತವರಲ್ಲಿ ಮೂವರು ಬಿಳಿಯರು, ಒಬ್ಬರು ಕಪ್ಪು ವರ್ಣೀಯರು. ಎಲ್ಲರಿಗೂ ಎಲ್ಲರೂ ಗೊತ್ತಿರುವಂಥ ಊರು ಅದು. ಇಡೀ ಊರೇ ನಡುಗಿಹೋಯಿತು.

1997ರ ಜನವರಿಯಲ್ಲಿ ಪೊಲೀಸರು ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ವರ್ಣೀಯ ಯುವಕನನ್ನು ಬಂಧಿಸಿದರು. ಕೊಲೆ ನಡೆದಾಗ ಆತನಿಗೆ 26 ವರ್ಷ. ಅದೇ ಅಂಗಡಿಯಲ್ಲಿ ಕೆಲವೇ ದಿನ ಕೆಲಸ ಮಾಡಿ ಬಿಡಿಸಿಕೊಂಡಿದ್ದ. ತಂದೆಯ ಜೊತೆ ಗಾಸ್ಪೆಲ್ ಎಂಬ ಕ್ರೈಸ್ತ ಭಕ್ತಿಗೀತೆ ಹಾಡುತ್ತಿದ್ದ. ಅದಕ್ಕೂ ಮೊದಲು ಆತನ ಮೇಲೆ ಯಾವ ಅಪರಾಧದ ದಾಖಲೆಯೂ ಇರಲಿಲ್ಲ.

ಸರ್ಕಾರಿ ಕಡೆಯವರ ಕಥೆ ಹೀಗಿತ್ತು. ಸಂಬಳ ಹಿಡಿದು ಕೆಲಸದಿಂದ ತೆಗೆದ ಸಿಟ್ಟು ಆತನಿಗಿತ್ತು. ಅವತ್ತು ಬೆಳಿಗ್ಗೆ ಎದ್ದು ಕಾರ್ಖಾನೆಯೊಂದರ ಪಾರ್ಕಿಂಗಿಗೆ ನಡೆದು ಹೋದ. ಅಲ್ಲಿ ನಿಂತಿದ್ದ ಕಾರಿನಿಂದ ಪಿಸ್ತೂಲು ಕದ್ದ. ವಾಪಸ್ ಬಂದ. ಮತ್ತೆ ಅಂಗಡಿಗೆ ನಡೆದು ಹೋಗಿ ನಾಲ್ವರನ್ನೂ ಕೊಂದ. ಆ ದಾರಿಯುದ್ದಕ್ಕೂ ಆತನನ್ನು ನೋಡಿದೆವು ಎಂದು ಹೇಳುವ ಸಾಕ್ಷಿಗಳಿದ್ದರು. ಇಂಥವರಲ್ಲಿ ಹೆಚ್ಚಿನವರು ಘಟನೆ ನಡೆದು ಎಷ್ಟೋ ದಿನದ ಮೇಲೆ ಹೇಳಿಕೆ ಕೊಟ್ಟವರು. ಮಾಹಿತಿ ಕೊಟ್ಟವರಿಗೆ 30,000 ಡಾಲರ್ ಬಹುಮಾನ ಎಂಬ ಪ್ರಕಟಣೆಯೂ ಆಗಿತ್ತು. ಪಿಸ್ತೂಲು ಒಂದು ವಿಚಾರಣೆಯಲ್ಲೂ ಹಾಜರಾಗಲಿಲ್ಲ. ಕೊಂದದ್ದನ್ನು ಕಣ್ಣಾರೆ ಕಂಡವರಿಲ್ಲ. ಆರೋಪಿಯ ಡಿಎನ್‌ಎ, ಬೆರಳಚ್ಚು ಯಾವುದೂ ಅಂಗಡಿಯಲ್ಲಿ ಸಿಗಲಿಲ್ಲ. ಆತ ನನ್ನ ಹತ್ತಿರ ತಪ್ಪೊಪ್ಪಿಕೊಂಡ ಎಂದು ಜೈಲಿನಲ್ಲಿದ್ದ ಒಬ್ಬ ಕೈದಿ ಹೇಳಿದ. ಅದು ಸುಳ್ಳು ಎಂದು ಆ ಕೈದಿಯೇ 2018ರಲ್ಲಿ ಪತ್ರಕರ್ತರ ಮುಂದೆ ಒಪ್ಪಿಕೊಂಡ.

ಪೂರ್ತಿ ಸಾಂದರ್ಭಿಕ ಸಾಕ್ಷ್ಯದ ಮೇಲೆ ನಿಂತ ಕೇಸು. ಇಂಥ ಕೇಸಿನಲ್ಲಿ ಜ್ಯೂರಿ ಹೇಗೆ ಯೋಚಿಸುತ್ತದೆ ಎನ್ನುವುದಕ್ಕೆ ನ್ಯಾನ್ಸಿ ಪೆನ್ನಿಂಗ್ಟನ್ ಮತ್ತು ರೀಡ್ ಹೇಸ್ಟಿ ಎಂಬ ಮನೋವಿಜ್ಞಾನಿಗಳ ಕೆಲಸ ನೋಡಬೇಕು. ಜನ ಸಾಕ್ಷ್ಯಗಳನ್ನು ತಕ್ಕಡಿಯಲ್ಲಿ ಒಂದೊಂದಾಗಿ ಇಟ್ಟು ತೂಗುವುದಿಲ್ಲ, ಕೇಳಿದ್ದನ್ನೆಲ್ಲ ಸೇರಿಸಿ ಮನಸ್ಸಿನಲ್ಲಿ ಒಂದು ಕಥೆ ಕಟ್ಟಿಕೊಳ್ಳುತ್ತಾರೆ ಎಂದು ಅವರು ತೋರಿಸಿದರು. ಅವರ ಒಂದು ಪ್ರಯೋಗ ಹೀಗಿದೆ. ಕೊಲೆ ಕೇಸಿನ ಸಾಕ್ಷ್ಯ ಎಲ್ಲರಿಗೂ ಒಂದೇ, ಹೇಳುವ ಕ್ರಮ ಮಾತ್ರ ಬೇರೆ. ಸರ್ಕಾರಿ ಕಡೆಯ ಸಾಕ್ಷ್ಯವನ್ನು ಘಟನೆ ನಡೆದ ಕ್ರಮದಲ್ಲಿ ಕಥೆಯ ಹಾಗೆ ಹೇಳಿ, ಆರೋಪಿ ಕಡೆಯದ್ದನ್ನು ಸಾಕ್ಷಿಗಳು ಬಂದ ಕ್ರಮದಲ್ಲಿ ಚೆಲ್ಲಾಪಿಲ್ಲಿಯಾಗಿ ಹೇಳಿದಾಗ ಶೇ 78 ಜನ ತಪ್ಪಿತಸ್ಥ ಎಂದರು. ಇದನ್ನು ತಿರುಗಾಮುರುಗಾ ಮಾಡಿದಾಗ ಹಾಗೆಂದವರು ಶೇ 31 ಮಾತ್ರ. ಫ್ಲವರ್ಸ್ ವಿರುದ್ಧದ ಕೇಸು ಮನೆಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಅಂಗಡಿಗೆ ನಡೆದು ಹೋದ ಒಂದು ನಡಿಗೆಯ ಕಥೆ. ಕೇಳುವುದಕ್ಕೆ ಸಲೀಸು. ಆದರೆ ಅದೇ ಬೀದಿಯಲ್ಲಿ ಬೆಳೆದವರಿಗೆ ಆ ಕಥೆ ಬೇರೆ ರೀತಿ ಕೇಳಿಸಬಹುದು. ಇಂಥ ಸಾಕ್ಷಿ ಇಷ್ಟು ದಿನ ಯಾಕೆ ಸುಮ್ನೆ ಇದ್ದ, ಈಗ ಯಾಕೆ ಬಾಯಿ ಬಿಟ್ಟ ಎಂದು ಅವರು ಕೇಳಿಯಾರು. ಹಾಗಾಗಿ ಕೇಳಿಸಿಕೊಳ್ಳುವವರು ಯಾರು ಎನ್ನುವುದು ಸಣ್ಣ ವಿಷಯ ಅಲ್ಲ.

ಕಾಟು ಹಾಕುವ ಹಕ್ಕು

ನಮ್ಮಲ್ಲಿ ಈಗ ಕ್ರಿಮಿನಲ್ ಕೇಸಿಗೆ ಜ್ಯೂರಿ ಇಲ್ಲ. ಜ್ಯೂರಿ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಬಾಂಬೆಯ ನಾನಾವತಿ ಪ್ರಕರಣ. 1959ರಲ್ಲಿ ಅಲ್ಲಿನ ಜ್ಯೂರಿ, ಕೊಲೆ ಆರೋಪ ಹೊತ್ತಿದ್ದ ನೌಕಾಪಡೆ ಅಧಿಕಾರಿ ನಾನಾವತಿ ನಿರಪರಾಧಿ ಎಂದು 8-1ರ ಬಹುಮತದಲ್ಲಿ ಹೇಳಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಮುಂದೆ ಬಂದ 1973ರ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ನೆಲೆಸಿ ಪೌರತ್ವ ತಗೊಂಡ ಕನ್ನಡಿಗರ ಮನೆಗೂ ಒಂದಲ್ಲ ಒಂದು ದಿನ ಜ್ಯೂರಿ ಸಮನ್ಸ್ ಬರಬಹುದು. ಆದ್ದರಿಂದ ಆಯ್ಕೆ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ನೋಡೋಣ.

ಸಮನ್ಸ್ ಬಂದವರನ್ನೆಲ್ಲ ಕೂರಿಸಿ ಪ್ರಶ್ನೆ ಕೇಳುತ್ತಾರೆ. ನಿಷ್ಪಕ್ಷಪಾತವಾಗಿ ಇರುವುದಕ್ಕೆ ಆಗದವರನ್ನು ನ್ಯಾಯಾಧೀಶರೇ ಕಾರಣ ಹೇಳಿ ಕಳಿಸುತ್ತಾರೆ. ಉಳಿದವರಲ್ಲಿ ಇಷ್ಟು ಜನರನ್ನು ಕಾರಣ ಹೇಳದೆ ತೆಗೆಯಬಹುದು ಎಂದು ಎರಡೂ ಕಡೆಯ ವಕೀಲರಿಗೆ ಹಕ್ಕು ಇರುತ್ತದೆ. ಇದನ್ನು ಪೆರಂಪ್ಟರಿ ಚಾಲೆಂಜ್ ಅಂತಾರೆ. ವಕೀಲನಿಗೆ ಒಬ್ಬರ ಮುಖ ಹಿಡಿಸದಿದ್ದರೂ ಸಾಕು, ಕಾಟು.

1986ರಲ್ಲಿ ಬ್ಯಾಟ್ಸನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ ಒಂದು ಲಗಾಮು ಹಾಕಿತು. ಜನಾಂಗ ನೋಡಿ ಕಾಟು ಹಾಕುವ ಹಾಗಿಲ್ಲ. ಹಾಗೆ ಮಾಡಿದ್ದಾರೆ ಎಂಬ ಅನುಮಾನ ಬಂದರೆ, ಸರ್ಕಾರಿ ವಕೀಲ ಜನಾಂಗಕ್ಕೆ ಸಂಬಂಧವಿಲ್ಲದ ಕಾರಣ ಕೊಡಬೇಕು. ಆ ಕಾರಣ ನಿಜವೋ ನೆಪವೋ ಎಂದು ನ್ಯಾಯಾಧೀಶರು ನೋಡಬೇಕು. ಇದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಒಂದು ಎಚ್ಚರಿಕೆ ಬರೆದರು. ಕಾರಣ ಹೇಳುವುದು ಬಹಳ ಸುಲಭ, ಅದು ನೆಪ ಎಂದು ಸಾಬೀತು ಮಾಡುವುದು ಬಹಳ ಕಷ್ಟ, ಹೇಳುವವನಿಗೇ ಎಷ್ಟೋ ಸಲ ತನ್ನೊಳಗಿನ ಪೂರ್ವಗ್ರಹ ಗೊತ್ತಿರುವುದಿಲ್ಲ, ಆದ್ದರಿಂದ ಈ ಹಕ್ಕನ್ನೇ ತೆಗೆದುಹಾಕಿ ಎನ್ನುವುದು ಅವರ ಮಾತಿನ ತಿರುಳು.

ನಮ್ಮಲ್ಲಿ ಒಂದು ಗಾದೆ ಇದೆ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು. ಬೇಡ ಎಂದು ಮೊದಲೇ ತೀರ್ಮಾನ ಮಾಡಿದವನಿಗೆ ಮೊಸರಲ್ಲೂ ಕಲ್ಲು ಸಿಗುತ್ತದೆ. ಮಾರ್ಷಲ್ ಹೆದರಿದ್ದು ಇದಕ್ಕೇ.

ಆರು ಸಲ

ಆರೂ ವಿಚಾರಣೆಯಲ್ಲಿ ಸರ್ಕಾರಿ ಕಡೆಯ ಮುಖ್ಯ ವಕೀಲ ಒಬ್ಬರೇ. ಅಲ್ಲಿನ ಚುನಾಯಿತ ಡಿಸ್ಟ್ರಿಕ್ಟ್ ಅಟಾರ್ನಿ ಡಗ್ ಇವಾನ್ಸ್. ಕೇಸಿನ ಮುಖ್ಯ ಕಥೆಯೂ ಹೆಚ್ಚು ಕಡಿಮೆ ಅದೇ. ಬದಲಾಗುತ್ತಾ ಹೋದದ್ದು ಜ್ಯೂರಿ.

ಮೊದಲ ವಿಚಾರಣೆ 1997ರಲ್ಲಿ. ಊರಿನಲ್ಲಿ ಪ್ರಚಾರ ಜಾಸ್ತಿ ಆಗಿದೆ ಎಂದು ಬೇರೆ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಇನ್ನೊಂದು ಆಡಳಿತ ಭಾಗಕ್ಕೆ ಒಯ್ದರು. ನಾಲ್ಕು ಕೊಲೆಗಳಲ್ಲಿ ಒಂದಕ್ಕೆ ಮಾತ್ರ ವಿಚಾರಣೆ. ಕಾರಣ ಹೇಳದೆ ತೆಗೆಯಬಹುದಾದ ಐವರು ಕಪ್ಪು ವರ್ಣೀಯರಿದ್ದರು, ಐವರಿಗೂ ಕಾಟು. ಜ್ಯೂರಿಯಲ್ಲಿ 12ಕ್ಕೆ 12 ಬಿಳಿಯರು. ತಪ್ಪಿತಸ್ಥ, ಮರಣದಂಡನೆ. ಉಳಿದ ಮೂರು ಕೊಲೆಗಳ ವಿಷಯವನ್ನೂ ಎಳೆದು ತಂದು ಜ್ಯೂರಿಯನ್ನು ಕೆರಳಿಸಿದ್ದು ತಪ್ಪು ಎಂದು 2000ದಲ್ಲಿ ಮಿಸಿಸಿಪಿ ಸುಪ್ರೀಂ ಕೋರ್ಟ್ ತೀರ್ಪನ್ನು ರದ್ದು ಮಾಡಿತು.

ಎರಡನೆಯದು 1999ರಲ್ಲಿ, ಇನ್ನೊಂದು ಕೌಂಟಿಯಲ್ಲಿ, ಇನ್ನೊಂದು ಕೊಲೆಗೆ. ಮತ್ತೆ ಐವರಿಗೆ ಐದು ಕಾಟು. ಈ ಸಲ ವಿಚಾರಣಾ ನ್ಯಾಯಾಧೀಶರೇ ಒಂದು ಕಾಟು ಜನಾಂಗ ನೋಡಿ ಹಾಕಿದ್ದು ಎಂದು ಕಂಡುಹಿಡಿದು ಆ ವ್ಯಕ್ತಿಯನ್ನು ವಾಪಸ್ ಕೂರಿಸಿದರು. 11 ಬಿಳಿಯರು, ಒಬ್ಬರು ಕಪ್ಪು ವರ್ಣೀಯರು. ಮರಣದಂಡನೆ. 2003ರಲ್ಲಿ ಅದೂ ರದ್ದು.

ಮೂರನೆಯದು 2004ರಲ್ಲಿ, ವಿನೋನಾದಲ್ಲೇ. ನಾಲ್ಕೂ ಕೊಲೆಗಳಿಗೆ ಒಟ್ಟಿಗೆ. ಸರ್ಕಾರಿ ಕಡೆಗೆ 15 ಕಾಟುಗಳಿದ್ದವು. 15ನ್ನೂ ಕಪ್ಪು ವರ್ಣೀಯರ ಮೇಲೇ ಬಳಸಿದರು. ಕಾಟು ಖಾಲಿಯಾದ ಮೇಲೆ ಒಬ್ಬರು ಉಳಿದು ಜ್ಯೂರಿಯಲ್ಲಿ ಕೂತರು. ಮತ್ತೆ ಮರಣದಂಡನೆ. 2007ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಇದನ್ನು ರದ್ದು ಮಾಡಿದಾಗ ಕೊಟ್ಟ ಕಾರಣವೇ ಜ್ಯೂರಿ ಆಯ್ಕೆಯಲ್ಲಿ ನಡೆದ ಜನಾಂಗ ಭೇದ.

ನಾಲ್ಕನೆಯದು ಅದೇ ವರ್ಷ, 2007ರಲ್ಲಿ. 11 ಕಾಟು, 11ಕ್ಕೆ 11 ಕಪ್ಪು ವರ್ಣೀಯರ ಮೇಲೆ. ಆದರೆ ಪಟ್ಟಿಯಲ್ಲಿ 16 ಕಪ್ಪು ವರ್ಣೀಯರು ಇದ್ದರು. ಐವರು ಉಳಿದರು. ಏಳು ಬಿಳಿಯರು, ಐವರು ಕಪ್ಪು ವರ್ಣೀಯರು. ಜ್ಯೂರಿಗೆ ಒಮ್ಮತಕ್ಕೆ ಬರಲು ಆಗಲಿಲ್ಲ. ಹಂಗ್ ಜ್ಯೂರಿ.

ಐದನೆಯದು 2008ರಲ್ಲಿ. ಒಂಬತ್ತು ಬಿಳಿಯರು, ಮೂವರು ಕಪ್ಪು ವರ್ಣೀಯರು. ಮತ್ತೆ ಹಂಗ್. 11 ಜನ ಒಂದು ಕಡೆ, ಒಬ್ಬ ಒಂದು ಕಡೆ.

ಈ ಒಬ್ಬನ ಹತ್ತಿರ ಸ್ವಲ್ಪ ನಿಲ್ಲಬೇಕು ಅನ್ನಿಸುತ್ತದೆ. ಹ್ಯಾರಿ ಕಾಲ್ವೆನ್ ಮತ್ತು ಹ್ಯಾನ್ಸ್ ಝೈಸೆಲ್ 1966ರಲ್ಲಿ ಅಮೆರಿಕದ ಜ್ಯೂರಿಗಳ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಮೊದಲ ಸುತ್ತಿನ ಮತದಲ್ಲಿ ಬಹುಮತ ಯಾವ ಕಡೆ ಇತ್ತೋ, ಹತ್ತರಲ್ಲಿ ಒಂಬತ್ತು ಸಲ ಕೊನೆಯ ತೀರ್ಪೂ ಅದೇ ಕಡೆ ಹೋಗುತ್ತದೆ ಎಂದು ಅವರು ಕಂಡರು. 11 ಜನರ ಎದುರು ಒಬ್ಬನೇ ಕೊನೆಯವರೆಗೆ ನಿಲ್ಲುವುದು ಅಷ್ಟು ಅಪರೂಪ. ಮನೆಯಲ್ಲಿ ನಾಲ್ಕು ಜನ ಒಂದು ಮಾತು ಹೇಳಿದಾಗ ಅಲ್ಲ ಅನ್ನುವುದೇ ನಮಗೆ ಎಷ್ಟು ಕಷ್ಟ, ಅಲ್ವಾ? ಹಾಗೆ ನಿಂತ ಆ ಕಪ್ಪು ವರ್ಣೀಯ ಜ್ಯೂರಿ ಸದಸ್ಯನನ್ನು ನ್ಯಾಯಾಧೀಶರು ಕೋರ್ಟಿನಲ್ಲೇ ತರಾಟೆಗೆ ತೆಗೆದುಕೊಂಡರು. ಆಯ್ಕೆಯ ಹೊತ್ತಿನಲ್ಲಿ ಸುಳ್ಳು ಹೇಳಿದ್ದಾನೆ ಎಂಬ ಆರೋಪದ ಮೇಲೆ ಬಂಧನವೂ ಆಯಿತು. ಮುಂದೆ ಆ ಆರೋಪವನ್ನು ಕೈಬಿಟ್ಟರು. ಕೈಬಿಟ್ಟ ಸುದ್ದಿ ಎಷ್ಟು ಜನರನ್ನು ಮುಟ್ಟಿತೋ ಏನೋ, ಬಂಧನದ ಸುದ್ದಿಯಂತೂ ಒಂದು ಸಣ್ಣ ಊರಿನಲ್ಲಿ ಎಲ್ಲರಿಗೂ ತಲುಪಿರುತ್ತದೆ. ಮುಂದಿನ ಸಲ ಜ್ಯೂರಿಗೆ ಕರೆ ಬಂದವರು ಆ ಸುದ್ದಿಯನ್ನು ಮರೆತು ಬಂದು ಕೂತಿರುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ.

ಆರನೆಯದು 2010ರಲ್ಲಿ. ಉಳಿದಿದ್ದ ಕಪ್ಪು ವರ್ಣೀಯರು ಆರು ಮಂದಿ. ಮೊದಲನೆಯವರನ್ನು ಸರ್ಕಾರಿ ಕಡೆಯವರು ಒಪ್ಪಿದರು, ಆಮೇಲಿನ ಐವರಿಗೂ ಕಾಟು ಹಾಕಿದರು. 11 ಬಿಳಿಯರು, ಒಬ್ಬರು ಕಪ್ಪು ವರ್ಣೀಯರು. ಎರಡು ಸಲ ಜ್ಯೂರಿ ಒಡೆದುಹೋಗಿದ್ದ ಅದೇ ಕೇಸಿನಲ್ಲಿ ಈ ಜ್ಯೂರಿ ಸುಮಾರು ಅರ್ಧ ಗಂಟೆಯಲ್ಲಿ ತಪ್ಪಿತಸ್ಥ ಎಂದು ತೀರ್ಮಾನಿಸಿ ಹೊರಗೆ ಬಂತು. ಮರಣದಂಡನೆ.

ಕಪ್ಪು ವರ್ಣೀಯರು ಒಬ್ಬರೂ ಇಲ್ಲದಾಗ ಅಥವಾ ಒಬ್ಬರೇ ಇದ್ದಾಗ, ನಾಲ್ಕು ಸಲವೂ ಮರಣದಂಡನೆ. ಮೂವರು, ಐವರು ಇದ್ದಾಗ ತೀರ್ಪೇ ಇಲ್ಲ. ಮನೋವಿಜ್ಞಾನಿಗಳು ಬೇಕೆಂದು ಕೂತು ಪ್ರಯೋಗ ರೂಪಿಸಿದ್ದರೂ ಇಷ್ಟು ಹತ್ತಿರದ ಹೋಲಿಕೆ ಸಿಗುವುದು ಕಷ್ಟವಿತ್ತು.

ಆದರೆ ಒಂದು ಮಾತು ಹೇಳಲೇಬೇಕು. ಇದು ಶುದ್ಧ ಪ್ರಯೋಗ ಅಲ್ಲ. ನಾಲ್ಕನೇ ವಿಚಾರಣೆಯಲ್ಲಿ ಸರ್ಕಾರಿ ಕಡೆಯವರು ಮರಣದಂಡನೆ ಕೇಳಿರಲಿಲ್ಲ. ಇದು ದೊಡ್ಡ ವ್ಯತ್ಯಾಸ. ಮರಣದಂಡನೆ ಕೇಳುವ ಕೇಸಿನಲ್ಲಿ, ನಾನು ಯಾವ ಕಾರಣಕ್ಕೂ ಆ ಶಿಕ್ಷೆಗೆ ಒಪ್ಪುವುದಿಲ್ಲ ಎನ್ನುವವರನ್ನು ಮೊದಲೇ ಹೊರಗೆ ಕಳಿಸುತ್ತಾರೆ. ಅಮೆರಿಕದಲ್ಲಿ ಮರಣದಂಡನೆಯನ್ನು ವಿರೋಧಿಸುವವರು ಬಿಳಿಯರಿಗಿಂತ ಕಪ್ಪು ವರ್ಣೀಯರಲ್ಲಿ ಜಾಸ್ತಿ. ಹಾಗಾಗಿ ವಕೀಲರು ಕಾಟು ಹಾಕುವ ಮೊದಲೇ ಪಟ್ಟಿ ಒಂದು ಸುತ್ತು ಜರಡಿ ಹಿಡಿದು ಬಂದಿರುತ್ತದೆ. ಹೀಗೆ ಜರಡಿಯಲ್ಲಿ ಉಳಿದವರು ಆರೋಪಿ ತಪ್ಪಿತಸ್ಥ ಅನ್ನುವ ಕಡೆಗೇ ಹೆಚ್ಚು ವಾಲುತ್ತಾರೆ ಎಂದು ಫೀಬಿ ಎಲ್ಸ್‌ವರ್ತ್ ಮತ್ತು ಜೊತೆಗಾರರು 1984ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿತ್ತು. 1986ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಈ ಬಗೆಯ ಅಧ್ಯಯನಗಳನ್ನು ಇಟ್ಟರು. ಲಾಕ್‌ಹಾರ್ಟ್ ಪ್ರಕರಣದಲ್ಲಿ ಕೋರ್ಟ್ ಅವುಗಳ ಆಧಾರದ ಮೇಲೆ ಪದ್ಧತಿ ಬದಲಿಸಲು ಒಪ್ಪಲಿಲ್ಲ. ನನ್ನ ಮಟ್ಟಿಗೆ ಅದು ಕೈತಪ್ಪಿದ ಅವಕಾಶ.

ಇದೇ ಪ್ರಶ್ನೆ, ಪ್ರಯೋಗದಲ್ಲಿ

ಸ್ಯಾಮ್ಯುಯೆಲ್ ಸಾಮರ್ಸ್ ಮತ್ತು ಮೈಕಲ್ ನಾರ್ಟನ್ 2007ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದರೆ ವಿನೋನಾ ಕಣ್ಣ ಮುಂದೆ ಬರುತ್ತದೆ. ಕಾಲೇಜು ವಿದ್ಯಾರ್ಥಿಗಳು, ಕಾನೂನು ವಿದ್ಯಾರ್ಥಿಗಳು, ವೃತ್ತಿಯಲ್ಲಿರುವ ವಕೀಲರು, ಮೂರೂ ಬಗೆಯವರು ಅದರಲ್ಲಿದ್ದರು. ನೀವು ಸರ್ಕಾರಿ ವಕೀಲರು, ಆರೋಪಿ ಕಪ್ಪು ವರ್ಣೀಯ, ನಿಮ್ಮ ಹತ್ತಿರ ಒಂದೇ ಒಂದು ಕಾಟು ಉಳಿದಿದೆ, ಈ ಇಬ್ಬರಲ್ಲಿ ಯಾರನ್ನು ತೆಗೆಯುತ್ತೀರಿ ಎಂದು ಕೇಳಿದರು. ಒಬ್ಬ ಪತ್ರಕರ್ತ, ಹಿಂದೆ ಪೊಲೀಸರ ದುರ್ವರ್ತನೆ ಬಗ್ಗೆ ಬರೆದವನು. ಇನ್ನೊಬ್ಬ ಜಾಹೀರಾತು ಕ್ಷೇತ್ರದವನು, ಅಂಕಿ-ಅಂಶಗಳನ್ನು ಸುಲಭಕ್ಕೆ ನಂಬದವನು. ಸರ್ಕಾರಿ ಕಡೆಗೆ ಇಬ್ಬರೂ ಅಷ್ಟಾಗಿ ಹಿಡಿಸದವರೇ.

ಅರ್ಧ ಜನರಿಗೆ ಪತ್ರಕರ್ತನ ಫೋಟೋದಲ್ಲಿ ಕಪ್ಪು ವರ್ಣೀಯನನ್ನೂ ಇನ್ನೊಬ್ಬನ ಫೋಟೋದಲ್ಲಿ ಬಿಳಿಯನನ್ನೂ ತೋರಿಸಿದರು. ಇನ್ನರ್ಧ ಜನರಿಗೆ ತಿರುಗಿಸಿ ತೋರಿಸಿದರು. ವಿವರ ಎಲ್ಲ ಅವೇ. ಪತ್ರಕರ್ತ ಕಪ್ಪು ವರ್ಣೀಯನಾದಾಗ ಶೇ 77 ಜನ ಅವನನ್ನು ತೆಗೆದರು. ಬಿಳಿಯನಾದಾಗ ಶೇ 53.

ಯಾಕೆ ತೆಗೆದಿರಿ ಎಂದು ಕೇಳಿದರೆ ಜನಾಂಗದ ಮಾತು ಎತ್ತಿದವರು ಬಹಳ ಕಡಿಮೆ. ಪತ್ರಕರ್ತ ಕಪ್ಪು ವರ್ಣೀಯನಾಗಿದ್ದಾಗ, ಪೊಲೀಸರ ವಿರುದ್ಧ ಬರೆದವನು ಅಲ್ವಾ, ಅದಕ್ಕೆ ಎಂದರು. ಇನ್ನೊಬ್ಬ ಕಪ್ಪು ವರ್ಣೀಯನಾಗಿದ್ದಾಗ, ಅವನು ಅಂಕಿ-ಅಂಶ ನಂಬಲ್ಲ, ಅದಕ್ಕೆ ಎಂದರು. ಕಾರಣಗಳು ಎರಡೂ ಕಡೆ ಮೊದಲಿನಿಂದಲೇ ಇದ್ದವು. ಯಾವುದನ್ನು ಎತ್ತಿಕೊಳ್ಳಬೇಕು ಎಂದು ಹೇಳಿದ್ದು ಫೋಟೋ. ಇದರಲ್ಲಿ ಪಾಲ್ಗೊಂಡವರೆಲ್ಲ ಕೆಟ್ಟ ಜನ ಅಂತ ಅಲ್ಲ. ತಾವು ಕೊಟ್ಟ ಕಾರಣವನ್ನು ಅವರು ನಿಜವಾಗಿಯೂ ನಂಬಿದ್ದರು ಅನ್ನಿಸುತ್ತದೆ. ನನಗೆ ಭಯ ಹುಟ್ಟಿಸುವುದು ಅದೇ. ಸುಳ್ಳು ಹೇಳುವವನನ್ನು ಹಿಡಿಯಬಹುದು. ತನ್ನ ನೆಪವನ್ನು ತಾನೇ ನಂಬಿದವನನ್ನು ಯಾವ ನ್ಯಾಯಾಧೀಶ ಹಿಡಿಯುತ್ತಾನೆ?

ಸಾಮರ್ಸ್ ಅವರದೇ 2006ರ ಇನ್ನೊಂದು ಅಧ್ಯಯನ ಜ್ಯೂರಿ ಕೋಣೆಯ ಒಳಗಿನದು. ಮಿಷಿಗನ್ನಿನಲ್ಲಿ ಆರಾರು ಜನರ ಅಣಕು ಜ್ಯೂರಿಗಳನ್ನು ಮಾಡಿದರು. ಕೆಲವು ಪೂರ್ತಿ ಬಿಳಿಯರದ್ದು, ಕೆಲವು ನಾಲ್ವರು ಬಿಳಿಯರು ಇಬ್ಬರು ಕಪ್ಪು ವರ್ಣೀಯರು ಸೇರಿದ್ದು. ಆರೋಪಿ ಕಪ್ಪು ವರ್ಣೀಯ. ಬೆರೆತ ಗುಂಪುಗಳು ಸರಾಸರಿ 50 ನಿಮಿಷ ಚರ್ಚೆ ಮಾಡಿದವು, ಬಿಳಿಯರದೇ ಗುಂಪುಗಳು 38 ನಿಮಿಷ. ಬೆರೆತ ಗುಂಪಿನಲ್ಲಿ ಕೂತ ಬಿಳಿಯರೇ ಕೇಸಿನ ಹೆಚ್ಚು ವಿವರಗಳನ್ನು ಎತ್ತಿದರು, ಕಡಿಮೆ ತಪ್ಪು ಮಾಡಿದರು. ಅಷ್ಟೇ ಅಲ್ಲ, ಬಾಯಿ ಬಿಟ್ಟು ಚರ್ಚೆ ಶುರುವಾಗುವ ಮೊದಲೇ, ಬೆರೆತ ಗುಂಪಿನ ಬಿಳಿಯರಲ್ಲಿ ಆರೋಪಿ ತಪ್ಪಿತಸ್ಥ ಅನ್ನುವವರ ಸಂಖ್ಯೆ ಕಡಿಮೆ ಇತ್ತು. ಪಕ್ಕದಲ್ಲಿ ಯಾರು ಕೂತಿದ್ದಾರೆ ಎನ್ನುವುದೇ ಜನರನ್ನು ಜಾಗ್ರತೆಯಿಂದ ಯೋಚಿಸುವ ಹಾಗೆ ಮಾಡಿತು. ವಿನೋನಾದ ಆ ಅರ್ಧ ಗಂಟೆಯನ್ನು ನಾನು ಈ 50 ನಿಮಿಷದ ಪಕ್ಕ ಇಟ್ಟು ನೋಡುತ್ತೇನೆ. ಆರು ಜನ, ಸುಮ್ನೆ ಅಣಕು, ಆದರೂ 50 ನಿಮಿಷ. ಅಲ್ಲಿ ನಾಲ್ಕು ಕೊಲೆ, ಒಬ್ಬ ಮನುಷ್ಯನ ಜೀವ, 12 ಜನ.

ಪ್ರಯೋಗ ಬೇರೆ, ನಿಜವಾದ ಕೋರ್ಟ್ ಬೇರೆ ಎನ್ನುವವರಿಗೆ ಶಮೇನಾ ಅನ್ವರ್, ಪ್ಯಾಟ್ರಿಕ್ ಬೇಯರ್ ಮತ್ತು ರಾಂಡಿ ಹ್ಯಾಲ್ಮಾರ್ಸನ್ ಎಂಬ ಅರ್ಥಶಾಸ್ತ್ರಜ್ಞರ 2012ರ ಅಧ್ಯಯನ ಇದೆ. ಫ್ಲೋರಿಡಾದ ಎರಡು ಕೌಂಟಿಗಳಲ್ಲಿ 2000ದಿಂದ 2010ರವರೆಗೆ ನಡೆದ 700ಕ್ಕೂ ಹೆಚ್ಚು ನಿಜವಾದ ವಿಚಾರಣೆಗಳನ್ನು ಅವರು ನೋಡಿದರು. ಆಯ್ಕೆಗೆ ಬಂದವರ ಗುಂಪಿನಲ್ಲಿ ಕಪ್ಪು ವರ್ಣೀಯರು ಒಬ್ಬರೂ ಇಲ್ಲದಾಗ, ಕಪ್ಪು ವರ್ಣೀಯ ಆರೋಪಿಗಳಲ್ಲಿ ಶೇ 81 ಮಂದಿಗೆ ಶಿಕ್ಷೆಯಾಯಿತು, ಬಿಳಿಯ ಆರೋಪಿಗಳಲ್ಲಿ ಶೇ 66 ಮಂದಿಗೆ. ಗುಂಪಿನಲ್ಲಿ ಒಬ್ಬರಾದರೂ ಕಪ್ಪು ವರ್ಣೀಯರು ಇದ್ದಾಗ ಈ ಅಂತರ ಹೆಚ್ಚು ಕಡಿಮೆ ಇಲ್ಲವಾಯಿತು.

145 ಮತ್ತು 12

ಆರನೇ ತೀರ್ಪನ್ನು ಮಿಸಿಸಿಪಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಫಾಸ್ಟರ್ ಎಂಬ ಇನ್ನೊಂದು ಪ್ರಕರಣದ ತೀರ್ಪಿನ ಬೆಳಕಿನಲ್ಲಿ ಮತ್ತೆ ನೋಡಿ ಎಂದು ವಾಪಸ್ ಕಳಿಸಿತು. ಜಾರ್ಜಿಯಾದ ಆ ಪ್ರಕರಣದಲ್ಲಿ ಸರ್ಕಾರಿ ಕಡೆಯವರ ಟಿಪ್ಪಣಿ ಹಾಳೆಗಳೇ ಸಿಕ್ಕಿದ್ದವು. ಕಪ್ಪು ವರ್ಣೀಯರ ಹೆಸರಿನ ಪಕ್ಕದಲ್ಲಿ ‘ಬಿ’ ಎಂದು ಗುರುತು ಹಾಕಿ ಹಸಿರು ಬಣ್ಣ ಬಳಿದಿದ್ದರು. ಫ್ಲವರ್ಸ್ ಕೇಸಿನಲ್ಲಿ ಅಂಥ ಹಾಳೆ ಇರಲಿಲ್ಲ. ಮಿಸಿಸಿಪಿ ಕೋರ್ಟ್ ಹಳೇ ತೀರ್ಪನ್ನೇ ಉಳಿಸಿಕೊಂಡಿತು. ಮತ್ತೆ ಮೇಲ್ಮನವಿ.

2019ರ ಜೂನ್ 21ರಂದು ತೀರ್ಪು ಬಂತು. 7-2. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಬ್ರೆಟ್ ಕವನಾ. ಗುರುತು ಹಾಕಿದ ಹಾಳೆ ಇಲ್ಲದೆಯೂ ಪೂರ್ವಗ್ರಹವನ್ನು ಹೇಗೆ ಓದಬಹುದು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಆರು ವಿಚಾರಣೆಗಳಲ್ಲಿ ಕಾಟು ಹಾಕಬಹುದಾಗಿದ್ದ 42 ಕಪ್ಪು ವರ್ಣೀಯರಲ್ಲಿ 41 ಜನರಿಗೆ ಕಾಟು ಬಿದ್ದಿತ್ತು. ಆರನೇ ವಿಚಾರಣೆಯಲ್ಲಿ ಕಾಟು ತಿಂದ ಐವರು ಕಪ್ಪು ವರ್ಣೀಯರಿಗೆ ಸರ್ಕಾರಿ ಕಡೆಯವರು ಒಟ್ಟು 145 ಪ್ರಶ್ನೆ ಕೇಳಿದ್ದರು. ಜ್ಯೂರಿಯಲ್ಲಿ ಕೂತ 11 ಬಿಳಿಯರಿಗೆ ಒಟ್ಟು 12. ಒಬ್ಬರಿಗೆ 29 ಪ್ರಶ್ನೆ, ಇನ್ನೊಬ್ಬರಿಗೆ ಒಂದು.

ಪ್ರಶ್ನೆ ಕೇಳುವುದು ತಪ್ಪಲ್ಲ. ಆದರೆ 29 ಸಲ ಕೈಹಾಕಿ ಕಲಸಿದರೆ ಯಾವ ಮೊಸರಲ್ಲಿ ಕಲ್ಲು ಸಿಗುವುದಿಲ್ಲ? ಸಣ್ಣ ಊರಿನಲ್ಲಿ ಯಾರನ್ನು ಕೆದಕಿದರೂ ಒಂದು ಪರಿಚಯ, ಒಂದು ಹಳೇ ಸಾಲ, ಒಂದು ನೆಂಟಸ್ತಿಕೆ ಸಿಕ್ಕೇ ಸಿಗುತ್ತದೆ. ಒಬ್ಬರನ್ನು ಮಾತ್ರ ಕೆದಕಿ, ಇನ್ನೊಬ್ಬರನ್ನು ಕೆದಕದೆ ಬಿಟ್ಟರೆ, ಆಮೇಲೆ ದಾಖಲೆ ಓದುವವರಿಗೆ ಕೆದಕಿಸಿಕೊಂಡವರಲ್ಲೇ ದೋಷ ಜಾಸ್ತಿ ಕಾಣುತ್ತದೆ. ವಾಲ್‌ಮಾರ್ಟಿನ ಆ ಮಹಿಳೆಯ ವಿಷಯದಲ್ಲಿ ಹೀಗೇ ಆಯಿತು. ಆಕೆಯ ಸಂಬಳ ಜಪ್ತಿಯಾಗಿತ್ತು ಎಂದು ಸರ್ಕಾರಿ ಕಡೆಯವರು ಹೇಳಿದ್ದರು. ದಾಖಲೆಯಲ್ಲಿ ಅದಕ್ಕೆ ಆಧಾರವೇ ಇರಲಿಲ್ಲ. 34 ಮತ್ತು 31ನ್ನು ಸುಪ್ರೀಂ ಕೋರ್ಟ್ ಅಕ್ಕಪಕ್ಕ ಇಟ್ಟು ನೋಡಿತು. ಬೇರೆ ಸಂಗತಿಗಳ ಜೊತೆ ಸೇರಿಸಿ ನೋಡಿದಾಗ, ಆಕೆಯನ್ನು ತೆಗೆದದ್ದರಲ್ಲಿ ಜನಾಂಗ ಭೇದ ದೊಡ್ಡ ಪಾಲು ವಹಿಸಿತ್ತು ಎಂದು ತೀರ್ಮಾನಿಸಿ ಶಿಕ್ಷೆಯನ್ನು ರದ್ದು ಮಾಡಿತು.

ಒಪ್ಪದ ಇಬ್ಬರು ಕ್ಲಾರೆನ್ಸ್ ಥಾಮಸ್ ಮತ್ತು ನೀಲ್ ಗಾರ್ಸಚ್. ಥಾಮಸ್ ಆಗ ಆ ಪೀಠದಲ್ಲಿದ್ದ ಒಬ್ಬರೇ ಕಪ್ಪು ವರ್ಣೀಯ ನ್ಯಾಯಮೂರ್ತಿ. ಅಂಗಡಿಯವರು ಕೇಸು ಹಾಕಿದ್ದ, ಆರೋಪಿಯ ತಂದೆ ಇದ್ದ ಕಡೆಯೇ ಕೆಲಸ ಮಾಡಿದ್ದ ಒಬ್ಬರನ್ನು ಸರ್ಕಾರಿ ವಕೀಲ ತೆಗೆದದ್ದರಲ್ಲಿ ತಪ್ಪೇನು ಎನ್ನುವುದು ಅವರ ವಾದ. ಮಾರ್ಚ್ 20ರ ವಾದ ಮಂಡನೆಯಲ್ಲಿ ಮೂರು ವರ್ಷದ ಮೌನ ಮುರಿದು ಅವರೊಂದು ಪ್ರಶ್ನೆ ಕೇಳಿದ್ದರು. ಆರೋಪಿ ಪರ ವಕೀಲರು ಯಾರಿಗಾದರೂ ಕಾಟು ಹಾಕಿದ್ದರೇ, ಅವರು ಯಾವ ಜನಾಂಗದವರು? ಬಿಳಿಯರು ಎಂದು ಉತ್ತರ ಬಂತು. ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಕಾರಣ ಬೇಡದ ಕಾಟು ಯಾರ ಕೈಯಲ್ಲಿದ್ದರೂ ಹೀಗೇ ಬಳಕೆಯಾಗಬಹುದು. ನನಗಂತೂ ಇದು ಮಾರ್ಷಲ್ ಹೇಳಿದ ಕಡೆಗೇ ಕೈ ತೋರಿಸುತ್ತದೆ. ಇಂಗ್ಲೆಂಡ್ 1988ರಲ್ಲೇ ಈ ಹಕ್ಕನ್ನು ತೆಗೆದುಹಾಕಿತು. ಕೆನಡಾ 2019ರಲ್ಲಿ. ಅಮೆರಿಕದ ಅರಿಜೋನಾ ರಾಜ್ಯ 2022ರ ಆರಂಭದಿಂದ.

ಒಬ್ಬ ವಕೀಲರ ಕೆಟ್ಟ ಅಭ್ಯಾಸ ಎಂದು ಇದನ್ನು ಬದಿಗೆ ಸರಿಸುವಂತೆಯೂ ಇಲ್ಲ. ಅಮೆರಿಕನ್ ಪಬ್ಲಿಕ್ ಮೀಡಿಯಾದ ಪತ್ರಕರ್ತರು 2018ರಲ್ಲಿ ಇದೇ ನ್ಯಾಯಾಂಗ ಜಿಲ್ಲೆಯ ಹಳೇ ಕಡತಗಳನ್ನು ಕೋರ್ಟು ಕೋರ್ಟು ಅಲೆದು ಕಲೆಹಾಕಿದರು. 1992ರಿಂದ 2017ರವರೆಗಿನ 225 ವಿಚಾರಣೆಗಳು. ಸರ್ಕಾರಿ ಕಡೆಯವರು ಅರ್ಹ ಕಪ್ಪು ವರ್ಣೀಯರಲ್ಲಿ ಶೇ 50 ಜನರನ್ನು ತೆಗೆದಿದ್ದರು, ಬಿಳಿಯರಲ್ಲಿ ಶೇ 11. 

ಆಮೇಲೆ

2019ರ ಡಿಸೆಂಬರ್ 16ರಂದು ಕರ್ಟಿಸ್ ಫ್ಲವರ್ಸ್ ಜಾಮೀನಿನ ಮೇಲೆ ಹೊರಗೆ ಬಂದರು. ಒಳಗೆ ಕಳೆದದ್ದು 22 ವರ್ಷಕ್ಕೂ ಹೆಚ್ಚು. ಅದರಲ್ಲಿ ಬಹುಪಾಲು ಪಾರ್ಚ್‌ಮನ್ ಜೈಲಿನಲ್ಲಿ, ಮರಣದಂಡನೆಯ ಕೈದಿಯಾಗಿ. ಹೊರಗೆ ಬಂದಾಗ ತಂದೆ ಇದ್ದರು. ತಾಯಿ 2018ರಲ್ಲೇ ತೀರಿಕೊಂಡಿದ್ದರು. ಮಗ ಬರುತ್ತಾನೆ ಎಂದು ಆರೂ ವಿಚಾರಣೆಗಳ ಕಾಲ ಕಾದಿದ್ದ ತಾಯಿ.

2020ರ ಜನವರಿಯಲ್ಲಿ ಡಗ್ ಇವಾನ್ಸ್ ಪ್ರಕರಣದಿಂದ ಹಿಂದೆ ಸರಿದರು. ಕಡತ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೆ ಹೋಯಿತು. ಸಾಕ್ಷ್ಯವನ್ನು ಹೊಸದಾಗಿ ಓದಿದ ಆ ಕಚೇರಿ, ಈಗ ಬದುಕಿದ್ದು ಒಂದೇ ಮಾತಿಗೆ ನಿಂತಿರುವ ಮುಖ್ಯ ಸಾಕ್ಷಿಗಳು ಯಾರೂ ಇಲ್ಲ ಎಂದಿತು. 2020ರ ಸೆಪ್ಟೆಂಬರ್ 4ರಂದು ನ್ಯಾಯಾಧೀಶರು ಎಲ್ಲ ಆರೋಪಗಳನ್ನೂ ವಜಾ ಮಾಡಿದರು. ಮತ್ತೆ ಅದೇ ಆರೋಪದ ಮೇಲೆ ವಿಚಾರಣೆ ನಡೆಸುವ ಹಾಗಿಲ್ಲ. 2021ರಲ್ಲಿ ರಾಜ್ಯ 5 ಲಕ್ಷ ಡಾಲರ್ ಪರಿಹಾರ ಕೊಡಬೇಕು ಎಂದು ನ್ಯಾಯಾಧೀಶರು ಆದೇಶಿಸಿದರು. ಮಿಸಿಸಿಪಿ ಕಾನೂನಿನಲ್ಲಿ ವರ್ಷಕ್ಕೆ 50,000, ಒಟ್ಟು 5 ಲಕ್ಷಕ್ಕಿಂತ ಜಾಸ್ತಿ ಕೊಡುವಂತಿಲ್ಲ. ಲೆಕ್ಕ ಹಾಕಿದರೆ ಅದು ಹತ್ತು ವರ್ಷಕ್ಕೆ ಸಿಕ್ಕಿದ ಪರಿಹಾರ. ಉಳಿದ ವರ್ಷಗಳಿಗೆ ಏನೂ ಇಲ್ಲ.

ಆ ನಾಲ್ವರ ಮನೆಯವರು ಆರು ಸಲ ಕೋರ್ಟಿಗೆ ಬಂದು ಕೂತಿದ್ದರು. ಆರು ಸಲವೂ ಅದೇ ಫೋಟೋಗಳು, ಅದೇ ವಿವರಗಳು. ನಾಲ್ಕು ಸಲ ಮುಗಿಯಿತು ಅಂದುಕೊಂಡು ಮನೆಗೆ ಹೋಗಿದ್ದರು. 1996ರ ಜುಲೈ 16ರ ಬೆಳಿಗ್ಗೆ ಆ ಅಂಗಡಿಯಲ್ಲಿ ಗುಂಡು ಹಾರಿಸಿದವರು ಯಾರು ಎಂದು ಅವರಿಗೆ ಇವತ್ತು ಹೇಳುವ ಒಂದು ತೀರ್ಪೂ ಉಳಿದಿಲ್ಲ.